ನೋಡಿದವನು

ಬಾಗಿಲ ಸಂದಿಯಲ್ಲಿ ಯಾರೋ ತೂರಿಸಿ ಹೋಗಿದ್ದರು
ಕಂದು ಲಕೋಟೆ. ಕಳಿಸಿದವರ ಹೆಸರಿಲ್ಲ.
ಸೆಪ್ಟೆಂಬರಿನ ಗಾಳಿ, ಬಂದರಿನ ಮೀನುವಾಸನೆ,
ಮತದಾನಕ್ಕೆ ಇನ್ನು ಆರೇ ದಿನ.
ನಾರ್ವೆಯ ಈ ಬಡಗಣ ತುದಿಯಲ್ಲಿ
ನಮ್ಮದು ಎಂಟು ಪುಟದ ಪತ್ರಿಕೆ.
ಸಂಪಾದಕ, ಕರಡು ತಿದ್ದುವವ, ಕಾಫಿ ಕಾಸುವವ
ಎಲ್ಲ ನಾನೇ.

ಒಳಗೆ, ತೊರ್‌ಗುನ್ ಐಕ್ರೆಮ್.
ಪುರಸಭೆಯ ಅಧ್ಯಕ್ಷಗಿರಿಗೆ ನಿಂತವಳು
ಹದಿನೇಳು ವರ್ಷದ ಹಿಂದೆ
ಆಸ್ಪತ್ರೆಯಲ್ಲಿ ಕಳೆದ ಒಂಬತ್ತು ವಾರ.
ಯಾವ ವಾರ್ಡು, ಯಾವ ಗುಳಿಗೆ,
ರಾತ್ರಿ ಏನೆಂದು ಕನವರಿಸಿದಳು,
ದಾದಿಯ ದುಂಡು ಅಕ್ಷರದಲ್ಲಿ.
ಅಡಿಯಲ್ಲಿ ಬೇರೆ ಶಾಯಿ:
‘ಜನರಿಗೆ ತಿಳಿಯುವ ಹಕ್ಕಿದೆ.’

ಇಪ್ಪತ್ತೆಂಟು ವರ್ಷ
ಆ ಮಾತಿನ ಉಪ್ಪು ತಿಂದವನು ನಾನು.
ಓದಿದೆ. ಪೂರ್ತಿ ಓದಿದೆ.
ಕಾಫಿ ಆರಿ ಕೆನೆಗಟ್ಟಿತು.

ಇಲ್ಲಿ ಯಾರ ವರಮಾನವೆಷ್ಟು, ತೆರಿಗೆಯೆಷ್ಟು
ಯಾರು ಬೇಕಾದರೂ ನೋಡಬಹುದು.
ಆದರೆ ನೋಡಿದವರ ಹೆಸರು
ನೋಡಿಸಿಕೊಂಡವರಿಗೂ ಕಾಣುತ್ತದೆ.
ಹೋದ ವರ್ಷ ನನ್ನ ಲೆಕ್ಕ ನೋಡಿದವಳು ನಾದಿನಿ;
ಕ್ರಿಸ್‌ಮಸ್ಸಿಗೆ ಉಣ್ಣೆಯ ಕಾಲುಚೀಲ ಕೊಟ್ಟಳು,
ಮರುಕಪಟ್ಟು, ಎರಡು ಜೊತೆ.

ತೊರ್‌ಗುನ್‌ಗೆ ಫೋನು ಮಾಡಿದೆ.
ತುಸು ಹೊತ್ತು ಬರೀ ಉಸಿರು. ಆಮೇಲೆ:
‘ನನ್ನ ಸಾಲ ಕೇಳು. ದೋಣಿಯಲ್ಲಿ ನನ್ನ ಪಾಲು ಕೇಳು.
ಶಾಲೆಯ ಛಾವಣಿಯ ಗುತ್ತಿಗೆ
ನನ್ನ ತಮ್ಮನಿಗೆ ಹೇಗೆ ಸಿಕ್ಕಿತು, ಅದನ್ನೂ ಕೇಳು,
ಕಾಗದ ಸಮೇತ ಬರುತ್ತೇನೆ.
ಆ ಒಂಬತ್ತು ವಾರದಲ್ಲಿ ಅರ್ಧ ನನ್ನ ಮಗಳದು.
ಅವಳು ಚುನಾವಣೆಗೆ ನಿಂತಿಲ್ಲ.’

ಎದುರಾಳಿ ಹಲ್‌ವರ್ದ್ ಸ್ಯೂನ್ನೆಯ ಬಗ್ಗೆ
ಲಕೋಟೆ ಬರಲಿಲ್ಲ.
ಅವನು ಕುಡಿದು ಹಡಗುಕಟ್ಟೆಯ ಮೇಲೆ
ಬೆಳಗಿನವರೆಗೆ ಅತ್ತದ್ದು ಊರಿಗೆಲ್ಲ ಗೊತ್ತು.
ಪಾಪ, ದಣಿದಿದ್ದಾನೆ ಎಂದೆವು.
ಎನ್ನಬೇಕಾದ್ದೇ.
ಆದರೆ ಕೊಲ್ಲಿಯ ಸಾಲ್ಮನ್ ಪಂಜರಗಳಲ್ಲಿ
ಅವನ ಪಾಲೆಷ್ಟು ಎಂದು ನಾನು ಕೇಳಿದವನಲ್ಲ.
ಆ ಪಂಜರಗಳ ಪರವಾನಗಿಗೆ
ನಾಳೆ ಸಹಿ ಹಾಕುವ ಕೈ ಅವನದಾಗಬಹುದು.
ಕೇಳಲಿಲ್ಲ, ಏಕೆಂದರೆ
ನನ್ನ ಎಂಟನೇ ಪುಟದ ಜಾಹೀರಾತು ಅವನದು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ;
ಹಚ್ಚಿದ ಬೆರಳು ನನ್ನದೇ.

ರಾತ್ರಿ ಕೂತು ಏಳು ಪ್ರಶ್ನೆ ಬರೆದೆ.
ಸಾಲ, ಪಾಲು, ಗುತ್ತಿಗೆ, ಉಡುಗೊರೆ,
ಯಾರ ದುಡ್ಡಿನಲ್ಲಿ ಪ್ರಚಾರ,
ಯಾವ ಸಭೆಯಲ್ಲಿ ಎದ್ದು ಹೊರಗೆ ಹೋಗಬೇಕಾದೀತು.
ಏಳನೆಯದನ್ನು ಮೂರು ಸಲ ಬರೆದು ಮೂರು ಸಲ ಹೊಡೆದೆ:
‘ಆರೋಗ್ಯ ಹೇಗಿದೆ?’
ಕೊನೆಗೆ ಹೀಗೆ ಉಳಿಯಿತು:
‘ಈ ಕೆಲಸ ಇಂದು ನಿಮ್ಮಿಂದಾಗುತ್ತದೆಯೇ?’
ಇಬ್ಬರಿಗೂ ಅದೇ ಹಾಳೆ, ಅದೇ ಗಡುವು.

ಲಕೋಟೆಯನ್ನು ಸುಡಲಿಲ್ಲ.
ಸುಟ್ಟರೆ ನಾನು ಓದಿದ್ದು ಸುಡುವುದಿಲ್ಲವಲ್ಲ.
ಹೆಸರಿಲ್ಲದ ಆ ಮೂಲೆಯಲ್ಲಿ ಬರೆದೆ:
ನೋಡಿದವನು, ಓಡ್‌ಲೈವ್ ಸ್ತ್ರಾನ್.
ತಾರೀಖು ಹಾಕಿದೆ.

ಅವಳ ಅಂಚೆಪೆಟ್ಟಿಗೆ ದಾರಿಬದಿಯಲ್ಲಿದೆ,
ಮುಚ್ಚಳ ತುಕ್ಕು ಹಿಡಿದು ಕಿರುಗುಟ್ಟುತ್ತದೆ.
ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು;
ಈ ಊರಲ್ಲಿ ಯಾರೂ ಪರದೆ ಎಳೆಯುವುದಿಲ್ಲ.
ಮೇಜಿನ ಬಳಿ ಯಾರೋ ಎದ್ದ ಹಾಗಾಯಿತು.

ನಾನು ಸಮುದ್ರದ ಕಡೆ ತಿರುಗಿ ನಿಂತೆ.