ಹತ್ತು ಸಾವಿರದ ಒಂಬತ್ತನೇ ಚೀಟಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಚೀಟಿ ಹರಿದುಕೊಡುವುದು ನನ್ನ ಕೆಲಸ.
ಏಪ್ರಿಲ್‌ನಿಂದ ಎಣಿಸಿದರೆ ಇವತ್ತಿಗೆ
ಹತ್ತು ಸಾವಿರ ದಾಟಿತು.

೧೦೦೦೭ ಮಳ್ಳೂರಿನ ಮುನಿಬೈಯಪ್ಪನದು.
೧೦೦೦೮ ಯಾರದೋ, ಹೆಸರು ಮಸಿಯಲ್ಲಿ ಕದಡಿದೆ.
೧೦೦೦೯ ವೆಂಕಟರೋಣಮ್ಮನದು, ಅರವತ್ತೆರಡು ಕಿಲೋ ಬಿಳಿ ಗೂಡು.
ಬಸ್ಸಿಗೆ ಓಡುತ್ತ ಕೂಗಿದಳು:
"ಚೀಟಿ ಮಡಗಿರು ಸ್ವಾಮಿ, ನಾಳೆ ಬತ್ತೀನಿ."

ಮಧ್ಯಾಹ್ನ. ಜಾಲರಿಗಳು ಖಾಲಿ.
ಪಕ್ಕದ ಬೀದಿಯಿಂದ ಬೆಂದ ಹುಳುವಿನ ವಾಸನೆ;
ಹುಟ್ಟಿದಾಗಿಂದ ನನ್ನ ಮೂಗಿಗೆ ಊರು ಎಂದರೆ ಅದೇ.
ಚೀಟಿಯ ಬೆನ್ನಿಗೆ ಭಾಗಾಕಾರ ಹಾಕುತ್ತ ಕೂತೆ.

ಏಳರಿಂದ ಭಾಗಿಸಿದೆ, ಆರು ಉಳಿಯಿತು.
ಹನ್ನೊಂದಕ್ಕೆ ಹತ್ತು. ಹದಿಮೂರಕ್ಕೆ ಹನ್ನೆರಡು.
ಪ್ರತಿ ಸಲವೂ ಒಂದೇ ಒಂದು ಸಾಲದೆ!
ಪುಸ್ತಕದ ಮುಂದಿನ ಹಾಳೆ ತಿರುವಿದೆ: ೧೦೦೧೦.
ಎರಡು, ಐದು, ಏಳು, ಹನ್ನೊಂದು, ಹದಿಮೂರು
ಐವರೂ ಗುಣಿಸಿಕೊಂಡು ಅಲ್ಲಿ ಸಂಸಾರ ಹೂಡಿದ್ದಾರೆ,
ಪಕ್ಕದ ಮನೆಯದು ಮಾತ್ರ ಹಾಕಿದ ಅಗುಳಿ ಹಾಕಿದ ಹಾಗೇ.

ನಲವತ್ತೇಳಕ್ಕೆ ನಲವತ್ತೈದು, ಐವತ್ತಮೂರಕ್ಕೂ ನಲವತ್ತೈದು.
ತೊಂಬತ್ತೇಳಕ್ಕೆ ಹದಿನೆಂಟು. ಅಲ್ಲಿಗೆ ನಿಲ್ಲಿಸಿದೆ.
ನೂರರಾಚೆ ಹೋಗಬೇಕಿಲ್ಲ:
ದೊಡ್ಡವನೊಬ್ಬ ಇದನ್ನು ಒಡೆಯುವುದಾದರೆ
ಅವನಿಗೊಬ್ಬ ಚಿಕ್ಕ ಜೊತೆಗಾರ ಬೇಕೇ ಬೇಕು,
ಚಿಕ್ಕವರನ್ನೆಲ್ಲ ಕೇಳಿಯಾಯಿತು.
ಇಪ್ಪತ್ತೈದು ಜನ. ನಾನಲ್ಲ, ನಾನಲ್ಲ ಅಂದರು.

ಒಡೆದ ಗೂಡಿಗೆ ಇಲ್ಲಿ ಬೆಲೆಯಿಲ್ಲ.
ಒಡೆಯದ ಸಂಖ್ಯೆಗೆ ಹರಾಜು ಕೂಗುವವರು ಯಾರು?

ಒಡೆಯದ್ದು ಎಂದರೆ ಒರಟು ಅಂದುಕೊಂಡಿದ್ದೆ.
ನೂರು ಸಾಲು, ಸಾಲಿಗೆ ನೂರು ಗೂಡು ಹರಡಿ ನೋಡು:
ಒಂದು ಚೌಕ. ಉಳಿದ ಒಂಬತ್ತು
ಮೂರು ಮೂರರ ಇನ್ನೊಂದು ಚೌಕ,
ಅಂಗಳಕ್ಕೆ ಹಾಸಿದ ಜಮಖಾನೆಯ ಪಕ್ಕ
ಮಗುವಿನ ಕರವಸ್ತ್ರ.
ಎರಡು ಚೌಕವಾಗಿ ಇದನ್ನು ಜೋಡಿಸಲು
ಬೇರೆ ದಾರಿಯೇ ಇಲ್ಲ.

ಮುನಿಬೈಯಪ್ಪನ ಚೀಟಿ ಇದರ ಅವಳಿ. ಅದೂ ಒಡೆಯದು.
ಆದರೆ ನಾಲ್ಕು ನಾಲ್ಕಾಗಿ ತೆಗೆಯುತ್ತ ಹೋದರೆ
ಅದರಲ್ಲಿ ಮೂರು ಉಳಿಯುತ್ತದೆ;
ಮೂರು ಉಳಿಸಿಕೊಂಡವರಿಗೆ ಎರಡು ಚೌಕದ ಯೋಗವಿಲ್ಲ.
ಒಂದೇ ಬಸಿರು, ಹಣೆಬರಹ ಬೇರೆ.
ನಡುವೆ ಮಸಿ ಚೆಲ್ಲಿದ ಚೀಟಿಯೋ
ಆರು ಕರೆದರೂ ಹೋಗುತ್ತದೆ, ಎಂಟು ಕರೆದರೂ, ಒಂಬತ್ತು ಕರೆದರೂ.

ಬೆಳಿಗ್ಗೆ ವೆಂಕಟರೋಣಮ್ಮ ಬಂದಳು,
ಚೀಟಿ ತಿರುಗಿಸಿ ಗಾಬರಿಯಾದಳು:
"ಏನ್ ಸ್ವಾಮಿ, ಇಷ್ಟೊಂದು ಗೀಚಿದ್ದೀರ, ದುಡ್ಡು ಕಮ್ಮಿ ಬಿತ್ತಾ?"
"ಇಲ್ಲಮ್ಮ. ಈ ನಂಬರು ಯಾರಿಗೂ ಭಾಗ ಹೋಗಲ್ಲ, ಅಷ್ಟೆ."
ಒಂದು ಗಳಿಗೆ ನನ್ನ ಮುಖ ನೋಡಿದಳು.
"ಅದನ್ನ ನಮ್ಮ ಮೈದುನಂದಿರ ಮುಂದೆ
ಒಂದ್ಸಲ ಬಂದು ಹೇಳಿ ಪುಣ್ಯ ಕಟ್ಕೊಳ್ಳಿ" ಅಂದಳು.

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.
ನಾಲ್ಕರಲ್ಲಿ ಅದಕ್ಕೆ ಒಂದು ಉಳಿಯುತ್ತದೆ,
ಹೇಳಬೇಕೆನಿಸಿತು. ಹಿಂದೆ ಸಾಲು ಬೆಳೆದಿತ್ತು.