ನಾಲ್ಕು ಪಾದ

ಸೂಜಿಗೆ ಎಲ್ಲ ಗೊತ್ತಾಗುತ್ತದೆ.
ಶ್ರೀರಾಂಪುರದ ನಮ್ಮ ಬೀದಿ ಸವರಿಕೊಂಡು ಹೋಗುವ ಮೆಟ್ರೋ,
ಗೇಟು ಎಳೆದ ಹಾಲಿನವನು,
ಕುಕ್ಕರಿನ ಮುಚ್ಚಳ ಕುಕ್ಕಿದ ನನ್ನ ಹೆಂಡತಿಯ ಸಿಟ್ಟು.
ಕೂದಲಿಗಿಂತ ಸಣ್ಣ ವಜ್ರದ ಮೊನೆ,
ನನ್ನ ಕಿವಿಗಿಂತ ಮೊದಲೇ ಕದ್ದು ಕೇಳಿ
ಸ್ಪೀಕರಿಗೆ ಚಾಡಿ ಹೇಳುತ್ತದೆ.

ಸಂಡೇ ಬಜಾರಿನಲ್ಲಿ ನೂರೈವತ್ತು ಕೊಟ್ಟು ತಂದ ಪಿಟೀಲಿನ ತಟ್ಟೆ,
ಬೇಗಡೆ.
ಎರಡನೆಯ ಬದಿ, ಆರನೆಯ ನಿಮಿಷ,
ಕಮಾನು ತಂತಿಯ ಮೇಲಿದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗಾಗುವ ಜಾಗ.
ಅಲ್ಲಿಗೇ ಬಂದು ಸೇರುತ್ತದೆ
ಮೇಲ್ಮನೆ ಮರಕತಮ್ಮನ ಗ್ರೈಂಡರು.
ಅಕ್ಕಿ, ಉದ್ದು, ಒಂದು ಹಿಡಿ ಮೆಂತ್ಯ
ತಾರಸಿ ಇಳಿದು, ಗೋಡೆ ಇಳಿದು,
ಗೋಡೆಗೆ ನೆಟ್ಟ ಕಡಪ ಕಲ್ಲಿನ ಹಲಗೆ ಹಿಡಿದು
ಬೇಗಡೆಯೊಳಗೆ ಗುಡುಗುಡು.

ಪೀಣ್ಯ ಎರಡನೆಯ ಹಂತದಲ್ಲಿ ಇಪ್ಪತ್ತಾರು ವರ್ಷ
ಪವರ್ ಪ್ರೆಸ್ಸಿನ ಬುಡ ನೋಡಿದವನು ನಾನು.
ನೂರು ಟನ್ನಿನ ಏಟು ಬಿದ್ದರೂ
ಪಕ್ಕದ ಮೇಜಿನ ಚಹಾ ತುಳುಕದ ಹಾಗೆ
ರಬ್ಬರು ಕೊಟ್ಟು, ರಸಮಟ್ಟ ಇಟ್ಟು ಕೂರಿಸಿದವನು.
ಐದು ಕೇಜಿ ಪೆಟ್ಟಿಗೆಗೆ ಕಾಲು ಹುಡುಕಲಾರೆನೇ?

ಟೆನ್ನಿಸ್ ಚೆಂಡು ಸೀಳಿ ಇಟ್ಟೆ. ಪೆಟ್ಟಿಗೆ ದೋಣಿಯಾಯಿತು.
ಸೈಕಲ್ ಟ್ಯೂಬು ಮಡಿಸಿ ಇಟ್ಟೆ. ಮನೆಯೆಲ್ಲ ಪಂಕ್ಚರ್ ಅಂಗಡಿ ವಾಸನೆ.
ಎಸ್.ಪಿ. ರೋಡಿನ ಇಲಿಯಾಜ್ ಗಾಜಿನ ಬೀರುವಿನಿಂದ ತೆಗೆದು ತೋರಿಸಿದ:
"ಜಪಾನ್ ಮಾಲು ಸಾರ್, ಒಂದು ಕಾಲಿಗೆ ಎರಡೂವರೆ ಸಾವಿರ."
ನನ್ನ ಎರಡೂ ಕಾಲಿಗೆ ಸೇರಿ ಅಷ್ಟು ಬೆಲೆ ಬಾಳಿದ್ದಿಲ್ಲ.

ಕೊನೆಗೆ ಟರ್ನರ್ ಸ್ಯಾಮ್ಸನ್
ಊಟದ ಬಿಡುವಿನಲ್ಲಿ ಅಲ್ಯುಮಿನಿಯಂ ಕಡೆದು ಕೊಟ್ಟ,
ಒಳಗೆ ಪ್ರೆಸ್ಸಿನ ರಬ್ಬರಿನ ಚೂರು.
ದೇವರ ಪೀಠದ ಹಾಗೆ ಹೊಳೆಯುವ ನಾಲ್ಕು ಪಾದ.
ಇಟ್ಟೆ. ಆರನೆಯ ನಿಮಿಷ ಬಂತು.
ಗ್ರೈಂಡರೂ ಬಂತು, ಚಪ್ಪಲಿ ಕಳಚಿ ಒಳಬಂದ ನೆಂಟನ ಹಾಗೆ
ಮೊದಲಿಗಿಂತ ಸಲೀಸಾಗಿ.

ರಬ್ಬರಿಗೆ ತಕ್ಕ ಭಾರ ಬೇಕು, ಮರೆತಿದ್ದೆ.
ಹೊರೆ ಸಾಲದೆ ಹೋದರೆ ಅದೂ ಕಲ್ಲೇ.
ಸ್ಯಾಮ್ಸನ್ ನಕ್ಕ: "ಏಟು ತಿನ್ನೋನಿಗೆ ದಿಂಬು ಕೊಟ್ರೆ ಏನ್ ಬಂತು ಗುರುವೇ,
ಹೊಡೆಯೋನ ಕೈಗೆ ಕೊಡು."

ಪಾದಗಳನ್ನು ಜೇಬಿಗಿಳಿಸಿ ಮಹಡಿ ಹತ್ತಿದೆ.
ಮರಕತಮ್ಮ ಬಾಗಿಲಲ್ಲೇ ನಿಂತಳು, ಕೈಯೆಲ್ಲ ಹಿಟ್ಟು.
"ಓನರ್‌ಗೆ ಹೇಳ್ಬೇಡಿ ಸಾರ್."
ಹೇಳುವುದೇನಿಲ್ಲ, ಗ್ರೈಂಡರು ಒಂಚೂರು ಓರೆ ಹಿಡೀರಿ ಎಂದು
ಮಂಡಿಯೂರಿ ಬಗ್ಗಿದೆ.

ಬುಡದಲ್ಲಿ ಆಗಲೇ ನಾಲ್ಕು ತುಂಡು,
ಹವಾಯಿ ಚಪ್ಪಲಿಯದು, ನೀಲಿ,
ಕುಡುಗೋಲಲ್ಲಿ ಕೊಯ್ದ ಹಾಗೆ ವಕ್ರವಕ್ರ.

"ನೀವು ಹಾಕ್ತೀರಲ್ಲ, ಆ ಅಳೋ ಥರದ್ದು,
ಅದು ಮುಗೀಲಿ ಅಂತ ಬೆಳ್ಳುಳ್ಳಿ ಬಿಡಿಸ್ತಾ ಕೂತಿರ್ತೀನಿ.
ಆರಕ್ಕೆ ಹಿಟ್ಟು ಹೋಗ್ಬೇಕು, ಏನ್ಮಾಡ್ಲಿ?
ಹಳೇ ಚಪ್ಲಿ ಕುಯ್ದು ಇಟ್ಟೆ. ಆಗ್ಲಿಲ್ಲ, ಅಲ್ವಾ?"

ಆಗಲಿಲ್ಲ. ಹದಿನೆಂಟು ಕೇಜಿಯ ಕೆಳಗೆ ಹಪ್ಪಳವಾಗಿದ್ದವು.
ಅವನ್ನು ತೆಗೆದು ಸ್ಯಾಮ್ಸನ್ನನ ಪಾದ ಕೂರಿಸಿದೆ.
ಸ್ವಿಚ್ಚು ಹಾಕಿದಳು.
ಕಲ್ಲು ತಿರುಗಿತು. ನೆಲ ಸುಮ್ಮನಿತ್ತು.
ಅಂಗೈ ಊರಿ ನೋಡಿ ಅವಳೂ ಸುಮ್ಮನಾದಳು.

ಆ ನೀಲಿ ತುಂಡುಗಳು, ಭಾರ ಇಳಿದ ಮೇಲೆ,
ನನ್ನ ಅಂಗೈಯಲ್ಲಿ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದವು.
ಒತ್ತಿ ನೋಡಿದೆ. ಐದು ಕೇಜಿಗೆ ಹದವಾದ ಮೆದು.

ಒಂದರಲ್ಲಿ ಹೆಬ್ಬೆರಳು ಊರಿ ಊರಿ ಆದ ಗುಳಿ.
ಪೆಟ್ಟಿಗೆಯಲ್ಲಿ ಮೋಟರಿನ ಬದಿ ಭಾರ ಹೆಚ್ಚು.
ಅದನ್ನು ಅಲ್ಲಿಗೆ ಇಟ್ಟೆ.