ಎರಡು ಸೆಕೆಂಡು

ಬೆಳಗಿನ ಐದಕ್ಕ ಸಿಂದಗಿ ರೋಡಿನ ಮ್ಯಾಲ
ಲಾರಿಗಳಿಗಿಂತ ಮೊದಲು ಗಾಳಿ ಎದ್ದಿರತದ.
ಎಂಟು ಹುಡುಗ್ಯಾರು, ಆರು ಸೈಕಲ್ಲು,
ಹಿಂದ ನನ್ನ ಹಳೇ ಲೂನಾ, ಕೊರಳಾಗ ಸೀಟಿ,
ಕಿಸೆದಾಗ ಇನ್ನೂ ಸಹಿ ಆಗದ
ಹನ್ನೊಂದು ತಿಂಗಳ ಕರಾರು.

ಮಂದಿ ಕೇಳತಾರ:
"ಬರೇ ಸೀಟಿ ಊದೂದಕ್ಕ ಪಗಾರ ಕೊಡತಾರೇನ್ರೀ ಮಾಸ್ತರ?"
ನಗತೀನಿ.
ಚೈನಿನ ಎಣ್ಣಿ ಉಗುರಿನ ಸಂದ್ಯಾಗಿಂದ ಹೋಗೂದಿಲ್ಲ,
ಮನ್ಯಾಕಿ ರೊಟ್ಟಿ ತಾನೇ ಮುರದು ತಾಟಿಗೆ ಹಾಕತಾಳ.

ದಾನೇಶ್ವರಿ, ತಿಕೋಟಾದಾಕಿ.
ಮಾರ್ಚಿನಾಗ ಕಾಲು ಜಡ ಆದವು, ಮಾತು ಕಡಿಮಿ ಆತು,
ಒಂದಿನ ಗಂಟು ಕಟಗೊಂಡು
ಹಾಸ್ಟೆಲ್ ಬಾಗಲದಾಗ ನಿಂತಳು.
ಅವತ್ತ ನಾ ಗಡಿಯಾರ ನೋಡಿ
ಎರಡು ಸೆಕೆಂಡು ನುಂಗಿದೆ.
"ಕಡಿಮಿ ಆಗ್ಯಾವು ನೋಡು" ಅಂದೆ.
ಮರುದಿನಾನೂ ಅಂದೆ.
ಖರೇ ಅಂಕಿ ವಹಿಯೊಳಗ ಬರದು
ಚೀಲದ ತಳಕ್ಕ ಇಟ್ಟೆ, ಕದ್ದ ಸಾಮಾನಿನಂಗ.

ಮೇ ತಿಂಗಳು, ಜಮಖಂಡಿಯಾಗ ಆಯ್ಕೆ.
ಅಲ್ಲಿಯ ಗಡಿಯಾರಕ್ಕ ಕಳ್ಳಿಲ್ಲ ಕರಳಿಲ್ಲ.
ನಾಕು ಮಂದಿ ಬೇಕಾಗಿತ್ತು,
ಆಕಿ ಐದನೇದಾಕಿ.
ನಾ ಗ್ವಾಡಿ ಕಡೆ ಮಾರಿ ಮಾಡಿ
ಸೀಟಿಯ ದಾರ ಬಿಚ್ಚಿ ಕಟ್ಟತಿದ್ದೆ.

ತಿರುಗಿ ಬರೂ ಬಸ್ಸಿನಾಗ
ಶೇಂಗಾ ಸಿಪ್ಪಿ ಕಿಡಕಿಯಿಂದ ಊದಕೋತ ಅಂದಳು:
"ನನಗ ಗೊತ್ತಿತ್ರಿ ಸರ.
ನಾ ಪೆಡಲ್ ಎಣಸತೀನಿ.
ಎಷ್ಟು ಅಂಜಿ ಸುಳ್ಳು ಹೇಳತಿದ್ರಿ ನೀವು!
ಖರೇ ಮಾಡಿಕೊಡೂಣಂತ ಇನ್ನೊಂದು ವಾರ ನಿಂತೆ,
ಹಂಗ ಎಂಟು ವಾರ ಆದವು."

ಆಮ್ಯಾಲ ಕೈ ಚಾಚಿದಳು: "ವಹಿ ಕೊಡ್ರಿ."
ಕೊಟ್ಟೆ.
ಮೊಬೈಲ್ ಬೆಳಕಿನಾಗ ಒಂದೊಂದೇ ಹಾಳಿ ತಿರುವಿದಳು.
ಕೊಲ್ಹಾರದ ಸೇತುವೆ ಯಾವಾಗ ದಾಟಿತೋ,
ಇಬ್ಬರಿಗೂ ಗೊತ್ತಾಗಲಿಲ್ಲ.